ಪದಚರ್ಚೆ: ಡಿಸೈನ್ ಅಂದರೆ ‘ವಿನ್ಯಾಸ’ ಸಾಕೇ? ‘ಹವಣು’ ನಡೆದೀತೇ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ಪದ ಕೇಳೋಣ ಅಂತ ಕೂತೆ. ಬರೆಯುತ್ತಾ ಉದ್ದವಾಯಿತು, ಬೇಜಾರು ಮಾಡಿಕೊಳ್ಳಬೇಡಿ.

ನಾನು ಪದವಿ ತರಗತಿಯ ಪತ್ರಿಕೋದ್ಯಮದ ಮಕ್ಕಳಿಗೆ ಪುಟ ಕಟ್ಟುವುದು, ಪೋಸ್ಟರ್ ಮಾಡುವುದು ಇಂಥವನ್ನೆಲ್ಲ ಕನ್ನಡದಲ್ಲಿ ಕಲಿಸುತ್ತೇನೆ. ಹೋದ ವರ್ಷ ಮೊದಲ ವಾರವೇ ಒಂದು ಕೆಲಸ ಕೊಟ್ಟೆ. “ಊರಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ದಿನ ಇದೆ. ಅದಕ್ಕೊಂದು ಪೋಸ್ಟರ್ ವಿನ್ಯಾಸ ಮಾಡಿಕೊಂಡು ಬನ್ನಿ” ಅಂದೆ. ಬಂದ ಪೋಸ್ಟರುಗಳನ್ನು ನೀವು ನೋಡಬೇಕಿತ್ತು. ಸುತ್ತ ಹೂಬಳ್ಳಿ, ಹಿಂದೆ ಕಾಮನಬಿಲ್ಲಿನ ಬಣ್ಣ, ಅಕ್ಷರಕ್ಕೆಲ್ಲ ನೆರಳು. ತಾರೀಖು ಮಾತ್ರ ಕೆಳಗಿನ ಮೂಲೆಯಲ್ಲಿ, ಇರುವೆ ಸಾಲಿನ ಹಾಗೆ.

ಮುಂದಿನ ವಾರ ‘ವಿನ್ಯಾಸ’ ಅನ್ನುವ ಮಾತನ್ನೇ ಎತ್ತಲಿಲ್ಲ. “ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ, ಬಸ್ಸು ಹೊರಡ್ತಾ ಇದೆ. ಯಾವ ದಿನ, ಎಲ್ಲಿ ಅನ್ನೋದನ್ನ ಆ ತಾಯಿಗೆ ಹೇಗೆ ಮುಟ್ಟಿಸ್ತೀರಿ?” ಅಂತ ಕೇಳಿದೆ. ಅದೇ ಮಕ್ಕಳು ತಾರೀಖನ್ನು ಅರ್ಧ ಹಾಳೆಯಷ್ಟು ದೊಡ್ಡದು ಮಾಡಿಕೊಂಡು ಬಂದರು. ಒಬ್ಬಳು ಹೂಬಳ್ಳಿ ಬಿಟ್ಟಿರಲಿಲ್ಲ. ಇರಲಿ.

ಹಾಗಾದರೆ ಮೊದಲ ವಾರದ ತಪ್ಪು ಮಕ್ಕಳದ್ದಲ್ಲ, ನನ್ನ ಪದದ್ದು ಅಂತ ನನಗೆ ಅನ್ನಿಸಿದೆ.

‘ವಿನ್ಯಾಸ’ ಸಂಸ್ಕೃತದಿಂದ ಬಂದ ಮಾತು. ಇಡುವುದು, ಜೋಡಿಸಿ ಇಡುವುದು ಅದರ ಮೂಲ ಅರ್ಥ. ರಂಗವಿನ್ಯಾಸ, ವಸ್ತ್ರವಿನ್ಯಾಸ, ಪುಟವಿನ್ಯಾಸ ಎಲ್ಲ ಆ ಅರ್ಥಕ್ಕೆ ಸರಿಯಾಗಿಯೇ ಇವೆ. ಆದರೆ ಈಗ ಕೇಳುವವರ ಕಿವಿಯಲ್ಲಿ ಅದು ‘ಅಲಂಕಾರ’ ಆಗಿಬಿಟ್ಟಿದೆ. ‘ಡಿಸೈನ್’ ಅಂದರೂ ಪಾಡು ಅದೇ. ಸೀರೆ ಅಂಗಡಿಯಲ್ಲಿ “ಇದೇ ಬಣ್ಣದಲ್ಲಿ ಬೇರೆ ಡಿಸೈನ್ ತೋರಿಸಿ” ಅನ್ನುತ್ತೇವಲ್ಲ, ಅಷ್ಟೇ ಅದರ ಅರ್ಥ. ಇನ್ನು ಇಂಗ್ಲಿಷ್ ಅಕ್ಷರದಲ್ಲಿ ವಿನ್ಯಾಸ ಅಂತ ಟೈಪ್ ಮಾಡಿ ಹುಡುಕಿದರೆ ಬರುವುದೆಲ್ಲ ಯೋಗ! ಮೈಸೂರಿನ ಪಟ್ಟಾಭಿ ಜೋಯಿಸರ ಅಷ್ಟಾಂಗ ವಿನ್ಯಾಸ ಲೋಕ ಸುತ್ತಿ ಬಂದಿದೆ. ನಮ್ಮ ಪುಟವಿನ್ಯಾಸ ಅದರ ಮುಂದೆ ಎಲ್ಲಿ ನಿಲ್ಲಬೇಕು, ಹೇಳಿ.

ನಾನು ಕ್ಲಾಸಿನಲ್ಲಿ ಒಂದು ಚೊಂಬು ಇಟ್ಟು ಶುರು ಮಾಡುತ್ತೇನೆ. (ಚೊಂಬು ಅಂದ ಕೂಡಲೇ ಎಲ್ಲರೂ ನಗುತ್ತಾರೆ. ಆ ಪದದ ಗತಿ ಈಗ ಹಾಗಾಗಿದೆ.) ಚೊಂಬಿನ ಉಪಾಯ ನನ್ನದಲ್ಲ. 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ಡಿಸೈನರ್ ಗಂಡ ಹೆಂಡತಿ ನಮ್ಮ ಸರ್ಕಾರಕ್ಕೆ ಒಂದು ವರದಿ ಬರೆದುಕೊಟ್ಟರು. ಅದರ ಬೆನ್ನಿಗೇ 1961ರಲ್ಲಿ ಅಹಮದಾಬಾದಿನ ಡಿಸೈನ್ ಸಂಸ್ಥೆ ಹುಟ್ಟಿತು. ಭಾರತದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲಿ ಬಹುಶಃ ಈ ಚೊಂಬೇ ಎಲ್ಲಕ್ಕಿಂತ ಶ್ರೇಷ್ಠ, ಎಲ್ಲಕ್ಕಿಂತ ಸುಂದರ ಅಂತ ಅವರು ಬರೆದರು. ಆಮೇಲೆ ಪ್ರಶ್ನೆಗಳ ಸಾಲು. ಎಷ್ಟು ನೀರು ಹಿಡಿಯಬೇಕು? ಹಿಡಿಯುವ ಕೈ ಎಷ್ಟು ದೊಡ್ಡದು? ತಲೆಯ ಮೇಲೆ ಹೊರುತ್ತಾರೋ, ಸೊಂಟದ ಮೇಲೋ? ತುಂಬಿದಾಗ ತೂಕ ಹೇಗೆ ನಿಲ್ಲುತ್ತದೆ, ಖಾಲಿಯಾದಾಗ ಹೇಗೆ? ಬಗ್ಗಿಸಿದರೆ ನೀರು ಹೇಗೆ ಬೀಳುತ್ತದೆ? ಬೆಲೆ ಎಷ್ಟು?

ಇಷ್ಟೆಲ್ಲ ಯೋಚನೆ ಇರುವ ಸಾದಾ ಚೊಂಬಿನ ಮೇಲೆ ಒಂದು ಹೂವೂ ಇಲ್ಲ, ಬಳ್ಳಿಯೂ ಇಲ್ಲ. “ಇದರಲ್ಲಿ ವಿನ್ಯಾಸ ಎಲ್ಲಿದೆ?” ಅಂತ ಕೇಳಿದರೆ ಮಕ್ಕಳು ಕತ್ತಿನ ಹತ್ತಿರ ಗೆರೆ ಹುಡುಕುತ್ತಾರೆ. ಬೇರೆ ಮಾತು ಬೇಕು ಅಂತ ನಾನು ಒದ್ದಾಡುತ್ತಿರುವುದು ಇದಕ್ಕೇ.

ಯೋಜನೆ ಅಂದರೆ ಸರ್ಕಾರದ್ದು. ರಚನೆ ಅಂದರೆ ಕಟ್ಟಿ ಮುಗಿದದ್ದು. ರೂಪಣೆ ಅಂತ ಯಾರೋ ಬಳಸಿದ್ದು ನೋಡಿದ್ದೇನೆ, ನನ್ನ ಬಾಯಿಗೆ ಹೊಂದಲಿಲ್ಲ. ‘ಅಚ್ಚುಕಟ್ಟು’ ನನಗೆ ತುಂಬಾ ಇಷ್ಟ. ಅದರೊಳಗೆ ಅಚ್ಚೂ ಇದೆ, ಕಟ್ಟೂ ಇದೆ. ಕೆರೆಯ ನೀರು ಹರಿಯುವ ಗದ್ದೆಬಯಲಿಗೂ ಅದೇ ಹೆಸರು. ಆದರೆ ಅದು ಕೆಲಸ ಹೇಗಾಯಿತು ಅಂತ ಹೇಳುವ ಮಾತು, ಕೆಲಸದ ಹೆಸರಲ್ಲ. ‘ಚೆನ್ನಾಗಿ’ ಅನ್ನುವುದಕ್ಕೆ ಹಳೇ ಮೈಸೂರಿನ ಹಳ್ಳಿಗಳಲ್ಲಿ ಹೇಳುವ ‘ವೈನಾಗಿ’ಯೂ ಹಾಗೇ.

ಕೊನೆಗೆ ನಾನು ಬಂದು ನಿಂತಿರುವುದು ‘ಹವಣು’ ಹತ್ತಿರ.

ಹಳಗನ್ನಡದಲ್ಲಿ ‘ಪವಣ್’. ಪಾಲು ಹಾಲಾದ ಹಾಗೆ ಪವಣು ಹವಣಾಯಿತು. ಅಳತೆ, ಪ್ರಮಾಣ, ಹದ, ಅಣಿ ಮಾಡುವುದು, ಎಲ್ಲವೂ ಅದರಲ್ಲಿದೆ. ‘ಹವಣರಿತು ಮಾಡು’ ಅಂದರೆ ಎಷ್ಟು ಬೇಕು, ಹೇಗೆ ಬೇಕು ಅಂತ ತಿಳಿದು ಮಾಡು ಎಂದು. ಚೊಂಬಿನ ಪ್ರಶ್ನೆಗಳನ್ನು ಇನ್ನೊಮ್ಮೆ ಓದಿ. ಒಂದೊಂದೂ ಹವಣಿನ ಪ್ರಶ್ನೆಯೇ ಅಲ್ವಾ?

ಇನ್ನೊಂದು ಸ್ವಾರಸ್ಯ. ಇಂದು ಪತ್ರಿಕೆಗಳಲ್ಲಿ ‘ಹವಣಿಸು’ ಬರುವುದು ಕಳ್ಳರಿಗೆ, ರಾಜಕಾರಣಿಗಳಿಗೆ. ‘ಪರಾರಿಯಾಗಲು ಹವಣಿಸುತ್ತಿದ್ದ’, ‘ಕುರ್ಚಿ ಹಿಡಿಯಲು ಹವಣಿಸುತ್ತಿದ್ದಾರೆ’. ಅಂದರೆ ಒಳಗೊಳಗೇ ಲೆಕ್ಕ ಹಾಕುವುದು, ಹೊಂಚುವುದು. ಇಂಗ್ಲಿಷಿನ ಡಿಸೈನ್‌ಗೂ ಈ ಒಳಸಂಚಿನ ಅರ್ಥ ಇದೆ. ಅದರ ನೆಂಟ, ಇಟಲಿಯ ‘ದಿಸೇನ್ಯೋ’ಕ್ಕೆ ಚಿತ್ರ ಬರೆಯುವುದು, ಮನಸ್ಸಿನಲ್ಲಿ ಗೊತ್ತು ಮಾಡಿಕೊಳ್ಳುವುದು ಎರಡೂ ಅರ್ಥ. ಎಲ್ಲಿಯ ಇಟಲಿ, ಎಲ್ಲಿಯ ಪವಣು! ಎರಡೂ ಒಂದೇ ದಾರಿಯಲ್ಲಿ ನಡೆದಿವೆ.

ತೊಂದರೆಯೂ ಅಲ್ಲೇ ಇದೆ. “ಪೋಸ್ಟರ್ ಹವಣಿಸಿ” ಅಂದರೆ ಪೋಸ್ಟರ್ ಕದಿಯೋಕೆ ಹೊರಟ ಹಾಗೆ ಕೇಳಿಸುತ್ತದೆ. “ಪೋಸ್ಟರಿನ ಹವಣು ನೋಡಿ”, “ಹವಣು ತಪ್ಪಿದೆ” ಅಂದರೆ ಪರವಾಗಿಲ್ಲ. ಡಿಸೈನರ್‌ಗೆ ‘ಹವಣಿಗ’ ಅಂತ ಒಮ್ಮೆ ಅಂದು ನೋಡಿದೆ. ಹಿಂದಿನ ಬೆಂಚು “ಸರ್, ಹವಾ ಮಾಡೋನಾ?” ಅಂತು.

ಸಣ್ಣಪುಟ್ಟ ಪದಗಳ ಕತೆ ಬೇರೆ. ಯಾವುದೋ ನೋಟ್ಸಿನ ಜೆರಾಕ್ಸಿನಲ್ಲಿ ವೈಟ್ ಸ್ಪೇಸ್‌ಗೆ, ಅಂದರೆ ಪುಟದಲ್ಲಿ ಬೇಕೆಂದೇ ಏನೂ ಇಡದೆ ಬಿಡುವ ಜಾಗಕ್ಕೆ, ‘ಶ್ವೇತ ಅವಕಾಶ’ ಅಂತ ಇತ್ತು. ಯಾರಿಗೆ ಅವಕಾಶ ಅಂತ ಮಕ್ಕಳು ಕೇಳಿದ್ದರಲ್ಲಿ ತಪ್ಪಿಲ್ಲ. ‘ಖಾಲಿ ಜಾಗ’ ಅಂದರೆ ತುಂಬಿಸಲೇಬೇಕು ಅಂತ ಅವರ ಕೈ ತುರಿಸುತ್ತದೆ. ಹೋದ ಸಲ ನಾನು ‘ಬಯಲು’ ಅಂತ ಬಳಸಿದೆ. “ಬಯಲಾಟಕ್ಕೆ ಬಯಲು ಬೇಕು, ಪುಟಕ್ಕೂ ಬೇಕು” ಅಂದೆ. ಅರ್ಥವಾಯಿತು. ಆದರೆ ವಚನಗಳಿಂದಾಗಿ ಬಯಲಿಗೆ ದೊಡ್ಡ ತೂಕ ಇದೆ. ಮದುವೆ ಕರೆಯೋಲೆಯ ಮೇಲಿನ ಎರಡು ಇಂಚಿಗೆ ಆ ಮಾತು ಜಾಸ್ತಿಯಾಯಿತೇನೋ.

ಲೈನ್ ಅನ್ನುವ ಒಂದು ಮಾತಿಗೆ ನಮ್ಮಲ್ಲಿ ಮೂರಿವೆ. ಬರೆದದ್ದು ಗೆರೆ. ಅಕ್ಷರಗಳದ್ದು ಸಾಲು. ಮೂರನೆಯದು ಎಳೆ. ಈ ‘ಎಳೆ’ಯ ಮೇಲೆ ನನಗೆ ಮೋಹ. ಧಾರವಾಡದ ಕಡೆಯ ಕಸೂತಿಯವರು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಗವಂತಿ ಹೊಲಿಗೆ ಬಟ್ಟೆಯ ಎರಡೂ ಬದಿಗೆ ಒಂದೇ ಥರ ಕಾಣುತ್ತದೆ. ಮಲೆನಾಡಿನ ದೀವರ ಹೆಂಗಸರು ಪುಂಡಿನಾರಿನ ಕುಂಚದಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವಾಗಲೂ ಎಳೆ. ರಂಗೋಲಿಯಲ್ಲೂ ಎಳೆ. ಕತೆಗೂ ಎಳೆ! ಗಮನಿಸಿ, ಚಿತ್ತಾರವನ್ನೂ ‘ಬರೆಯುತ್ತೇವೆ’. ಅಂಗಡಿಯ ಬೋರ್ಡು ಮಾಡುವವರೂ ಬೋರ್ಡ್ ‘ಬರೆಯುತ್ತಾರೆ’. ಅಕ್ಷರಕ್ಕೂ ಚಿತ್ರಕ್ಕೂ ಒಂದೇ ಕ್ರಿಯಾಪದ. ಹಾಗಿರುವಾಗ ಈ ವಿಷಯಕ್ಕೆ ‘ದೃಶ್ಯ ಸಂವಹನ’ ಅನ್ನುವ ಹೆಸರಿಟ್ಟು ಮಕ್ಕಳನ್ನು ಮೊದಲ ದಿನವೇ ಏಕೆ ಹೆದರಿಸಬೇಕು, ನನಗಂತೂ ತಿಳಿಯದು.

ಗ್ರಿಡ್, ಅಂದರೆ ಪುಟವನ್ನು ಅಳತೆಯ ಮನೆಗಳಾಗಿ ಹಂಚುವ ಚೌಕಟ್ಟು, ಅದನ್ನು ಕಲಿಸುವಾಗ ಕಂಪ್ಯೂಟರ್ ಮುಟ್ಟುವುದನ್ನೇ ಬಿಟ್ಟಿದ್ದೇನೆ. ವರಾಂಡದಲ್ಲಿ ಸೀಮೆಸುಣ್ಣದಿಂದ ಚುಕ್ಕಿ ಇಡಿಸುತ್ತೇನೆ. ಮೊದಲು ಸಾಲು ಚುಕ್ಕಿ, ಆಮೇಲೆ ಸಂದು ಚುಕ್ಕಿ. ಆ ಚುಕ್ಕಿಗಳ ಮೇಲೆ ಪತ್ರಿಕೆಯ ಮುಖಪುಟ ಇಡಬೇಕು. ತಲೆಬರಹ ಎಷ್ಟು ಚುಕ್ಕಿ ಅಗಲ, ಫೋಟೊ ಎಷ್ಟು ಚುಕ್ಕಿ ಎತ್ತರ ಅಂತ ಅವರವರಲ್ಲೇ ಜಗಳ. “ಚುಕ್ಕಿ ತಪ್ಪಿದ್ರೆ ಎಳೆ ಕೂಡಲ್ಲ ಸರ್, ನಮ್ಮಮ್ಮ ದಿನಾ ಬೈತಾರೆ” ಅಂತ ಒಬ್ಬ ಹುಡುಗಿ ಹೇಳಿದಳು. ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು. ಗ್ರಿಡ್‌ಗೆ ‘ಜಾಲಕ’ ಅನ್ನುವುದನ್ನು ನಾನಂತೂ ಇನ್ನು ಬಳಸುವುದಿಲ್ಲ. ‘ಚುಕ್ಕಿಸಾಲು’ ಸಾಕು.

ಅಕ್ಷರದ ಅಂಗಾಂಗಗಳಿಗೆ ಹೊಸ ಪದ ಬೇಕಾಗಿಯೇ ಇಲ್ಲ. ತಲೆಕಟ್ಟು, ಗುಡಿಸು, ಕೊಂಬು, ಒತ್ತು, ವಟ್ರಸುಳಿ, ಎಲ್ಲ ಒಂದನೇ ಕ್ಲಾಸಿನಲ್ಲೇ ಬಂದಿವೆ. ಆದರೆ ಸಾಲಿಗೂ ಸಾಲಿಗೂ ನಡುವೆ ಬಿಡುವ ಜಾಗಕ್ಕೆ ಏನನ್ನೋಣ? ಕನ್ನಡಕ್ಕೆ ಇದು ಬಹಳ ಮುಖ್ಯ. ‘ಸ್ತ್ರೀ’ ಬರೆದರೆ ಒಂದರ ಕೆಳಗೆ ಎರಡು ಒತ್ತು. ಇಂಗ್ಲಿಷ್ ಅಳತೆಗೆ ಮಾಡಿದ ಪುಟದಲ್ಲಿ ಕನ್ನಡ ಸುರಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡಿಯುತ್ತದೆ. ಇಂಗ್ಲಿಷಿನಲ್ಲಿ ಈ ಜಾಗಕ್ಕೆ ಲೆಡಿಂಗ್ ಅನ್ನುತ್ತಾರೆ. ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಸಾಲುಗಳ ನಡುವೆ ಸೀಸದ ಪಟ್ಟಿ ಇಡುತ್ತಿದ್ದರು, ಅದರಿಂದ ಬಂದ ಹೆಸರು. ನಾನು ‘ಸಾಲುಬಿಡುವು’ ಅನ್ನುತ್ತಿದ್ದೇನೆ. ಒತ್ತಿಗೂ ಕೊಂಚ ಬಿಡುವು ಬೇಕಲ್ಲ.

ಒಳ್ಳೆಯ ಪದ ಹೇಗಿರಬೇಕು ಅನ್ನುವುದಕ್ಕೆ ಒಂದು ಉದಾಹರಣೆ. 1843ರಲ್ಲಿ ಜರ್ಮನ್ ಪಾದ್ರಿ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ತಂದದ್ದು ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚೊತ್ತಿ. ಕಲ್ಲು, ಅಚ್ಚು, ಎರಡೂ ಮನೆಯ ಮಾತು. ಕಿವಿಗೆ ಬಿದ್ದ ಕೂಡಲೇ ಕಣ್ಣಿಗೂ ಕಾಣುತ್ತದೆ. ಪದ ಕಟ್ಟಿದರೆ ಹೀಗೆ ಕಟ್ಟಬೇಕು ಅಂತ ನನ್ನ ಆಸೆ.

ಈಗ ನಿಮಗೆ ಕೇಳುವುದು. ‘ಹವಣು’ ನಿಮ್ಮ ಊರಿನ ಮಾತಿನಲ್ಲಿ ಇನ್ನೂ ಇದೆಯೇ? ಇದ್ದರೆ ಅಡುಗೆಗೆ ಹೇಳುತ್ತಾರೋ, ಗದ್ದೆ ಕೆಲಸಕ್ಕೋ, ಮಾತಿನ ಧಾಟಿಗೋ? ಬಡಗಿಗಳು, ಗಾರೆ ಮೇಸ್ತ್ರಿಗಳು ಕೆಲಸ ಶುರು ಮಾಡುವ ಮೊದಲು ಮನಸ್ಸಿನಲ್ಲಿ ಲೆಕ್ಕ ಹಾಕಿಕೊಳ್ಳುವುದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ಬರೆಯಿರಿ. ನಿಘಂಟಿನ ಅರ್ಥ ನನ್ನ ಹತ್ತಿರ ಇದೆ, ಬೇಕಾಗಿರುವುದು ಬಾಯಿಮಾತು. ಮತ್ತೆ ‘ಎದ್ದು ಕಾಣುವುದು’ ಅನ್ನುವುದನ್ನೇ ಕಾಂಟ್ರಾಸ್ಟ್‌ಗೆ ಇಟ್ಟುಕೊಂಡಿದ್ದೇನೆ. ‘ವೈದೃಶ್ಯ’ವೇ ಬೇಕು ಅನ್ನುವವರು ಇದ್ದರೆ ಜಗಳಕ್ಕೆ ಬನ್ನಿ, ನಾನು ತಯಾರಿದ್ದೇನೆ.

ಹೊಸ ಬ್ಯಾಚ್ ಬರಲು ಇನ್ನು ಮೂರು ವಾರ ಇದೆ. ಅಷ್ಟರಲ್ಲಿ ಉತ್ತರ ಬಂದರೆ ಮೊದಲ ದಿನ ಚೊಂಬಿನ ಹಿಂದೆ ಬೋರ್ಡಿನ ಮೇಲೆ ಏನು ಬರೆಯಬೇಕು ಅಂತ ಗೊತ್ತಾಗುತ್ತದೆ.