ವೈಫೈ ಪಟ್ಟಿಯಲ್ಲಿ ಗುರುತಿಲ್ಲದ ಎರಡು ಡಿವೈಸ್

ಪ್ರಶ್ನೆ: ಮನೆಯಲ್ಲಿ ಇರುವವರು ಮೂರೇ ಜನ. ನಿನ್ನೆ ಸುಮ್ನೆ ರೌಟರ್ ಪುಟ ತೆರೆದರೆ 9 ಡಿವೈಸ್! ಏಳು ನಮ್ಮವೇ. ಉಳಿದ ಎರಡರಲ್ಲಿ ಒಂದಕ್ಕೆ 'ಎಸ್ಪ್ರೆಸಿಫ್' ಅಂತ ಹೆಸರು, ಇನ್ನೊಂದಕ್ಕೆ ಹೆಸರೇ ಇಲ್ಲ. ಮೇಲಿನ ಮನೆ ಹುಡುಗರ ಮೇಲೆ ಅನುಮಾನ. ಪಾಸ್‌ವರ್ಡ್ ನಮ್ಮ ಹಳೇ ಲ್ಯಾಂಡ್‌ಲೈನ್ ನಂಬರ್. ಏನು ಮಾಡಲಿ?

ಉತ್ತರ 1: ಹುಡುಗರನ್ನು ಬೈಯುವ ಮುಂಚೆ ಗೀಸರ್ ಪ್ಲಗ್ ನೋಡಿ ಮೇಡಂ. ಎಸ್ಪ್ರೆಸಿಫ್ ಚಿಪ್ ಮಾಡುವ ಕಂಪನಿ. ಸ್ಮಾರ್ಟ್ ಬಲ್ಬ್, ಪ್ಲಗ್‌ಗಳಲ್ಲಿ ಅದರ ಚಿಪ್ ಜಾಸ್ತಿ. ಒಂದೊಂದೇ ಆಫ್ ಮಾಡಿ, ಪಟ್ಟಿಯಿಂದ ಯಾವುದು ಮಾಯವಾಗುತ್ತದೆ ನೋಡಿ.

ಉತ್ತರ 2: ಹೆಸರಿಲ್ಲದ್ದು ನಿಮ್ಮದೇ ಫೋನ್ ಇರಬಹುದು. ಆಂಡ್ರಾಯ್ಡ್ 10, ಐಒಎಸ್ 14ರಿಂದ ಈಚೆಗೆ ಫೋನ್‌ಗಳು ಒಂದೊಂದು ವೈಫೈಗೆ ಒಂದೊಂದು ಮ್ಯಾಕ್ ವಿಳಾಸ (ವೈಫೈಯಲ್ಲಿ ಡಿವೈಸ್ ಗುರುತಿಸುವ ಕೋಡ್) ತೋರಿಸುತ್ತವೆ. ವಿಳಾಸದ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಸಾಮಾನ್ಯವಾಗಿ ಅದೇ ಕಥೆ. ಆದರೂ ಲ್ಯಾಂಡ್‌ಲೈನ್ ನಂಬರ್ ಪಾಸ್‌ವರ್ಡಾ? ಇವತ್ತೇ ಬದಲಿಸಿ. ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಹಾಕದೆ ಬಟನ್ ಅಥವಾ ಪಿನ್‌ನಿಂದ ವೈಫೈಗೆ ಸೇರಿಸುವ ರೌಟರ್ ಸೌಲಭ್ಯ) ಕೂಡ ಆಫ್ ಮಾಡಿ.

ಪ್ರಶ್ನೆ ಕೇಳಿದವರು: ಎಸ್ಪ್ರೆಸಿಫ್ ಸಿಕ್ಕಿತು. ಗೀಸರ್ ಅಲ್ಲ, ದೇವರ ಮನೆ ಬಲ್ಬ್! ನಮ್ಮನೆಯವರು ದೀಪಾವಳಿಗೆ ಹಾಕಿ ಮರೆತಿದ್ದರು. ಬೆಳಗ್ಗೆ ಪಾಸ್‌ವರ್ಡ್ ಬದಲಿಸಿದೆ. ಹೆಸರಿಲ್ಲದ್ದು ಮತ್ತೆ ಬಂದಿಲ್ಲ. ಸಂಜೆ ಮೇಲಿನ ಮನೆ ಹುಡುಗ ಬಂದು, "ಆಂಟಿ, ನಿಮ್ಮ ನೆಟ್ ಹೋಗಿದ್ಯಾ?" ಅಂತ ಕೇಳಿದ.