ಸರ್ವಿಸ್ ಪ್ರೋಗ್ರಾಂ ಬದಲಿಸಿದರೆ ಎಲ್ಲೆಡೆ ಎಂಸಿಎಚ್4431: ಐಬಿಎಂ ಐ ಪ್ರಶ್ನೋತ್ತರ

ಪ್ರಶ್ನೆ: ಎಎಸ್/400 (ಐಬಿಎಂನ ಹಳೆಯ ವ್ಯಾಪಾರ ಕಂಪ್ಯೂಟರ್) ಕಾಲದಿಂದ ಬೆಳೆದುಬಂದ ಆರ್ಡರ್–ದಾಸ್ತಾನು ವ್ಯವಸ್ಥೆ, ಈಗ ಅದರ ಮುಂದುವರಿಕೆಯಾದ ಆಪರೇಟಿಂಗ್ ಸಿಸ್ಟಂ ಐಬಿಎಂ ಐ 7.4ರಲ್ಲಿದೆ. ದರ ಲೆಕ್ಕ ಹಾಕುವ ಆರ್‌ಪಿಜಿ (ಐಬಿಎಂನ ಪ್ರೋಗ್ರಾಮಿಂಗ್ ಭಾಷೆ) ಪ್ರೊಸೀಜರ್‌ಗಳನ್ನೆಲ್ಲ ಒಂದು ಸರ್ವಿಸ್ ಪ್ರೋಗ್ರಾಂನಲ್ಲಿ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಪ್ರೊಸೀಜರ್ ಕಟ್ಟು) ಸೇರಿಸಿದ್ದೇವೆ. ಅದನ್ನು ಕರೆಯುವ ಪ್ರೋಗ್ರಾಂಗಳು ಸುಮಾರು 60. ಹೊಸ ಪ್ರೊಸೀಜರ್ ಒಂದನ್ನು ಸೇರಿಸಿ ಮತ್ತೆ ಕಟ್ಟಿದೊಡನೆ ಎಲ್ಲ ಕಡೆ ಎಂಸಿಎಚ್4431 (ಸಿಗ್ನೇಚರ್ ತಾಳೆಯಾಗದ ಎರರ್) ಬರುತ್ತಿದೆ. ಪ್ರತಿ ಸಲವೂ 60ನ್ನೂ ಕಂಪೈಲ್ ಮಾಡಬೇಕೇ? ಸೋರ್ಸನ್ನು ಮೆಂಬರ್‌ಗಳಿಂದ (ಸೋರ್ಸ್ ಫೈಲ್‌ನೊಳಗಿನ ಭಾಗಗಳು) ಆವೃತ್ತಿಗಳನ್ನು ಕಾಪಾಡುವ ಗಿಟ್‌ಗೆ ತಂದು ಬಿಲ್ಡ್ ಸಾಧನವಾದ ಮೇಕ್‌ನಿಂದ ಬಿಲ್ಡ್ ಮಾಡುವ ಯೋಚನೆಯೂ ಇದೆ. ಯಾವುದು ಮೊದಲು?

ಉತ್ತರ 1: ಸಿಗ್ನೇಚರ್, ಅಂದರೆ ಸರ್ವಿಸ್ ಪ್ರೋಗ್ರಾಂ ಹೊರಗೆ ಒದಗಿಸುವ ಪ್ರೊಸೀಜರ್ ಪಟ್ಟಿಯ ಗುರುತನ್ನು, ಮೊದಲು ಸರಿಮಾಡಿ. ಅದು ಅಲುಗಾಡುತ್ತಿರುವಾಗ ಬಿಲ್ಡನ್ನು ಯಾಂತ್ರಿಕಗೊಳಿಸಿದರೆ ಇದೇ ತೊಂದರೆ ಇನ್ನೂ ಬೇಗ ಹರಡುತ್ತದೆ, ಅಷ್ಟೇ.

ನೀವು ಕ್ರಿಯೇಟ್ ಸರ್ವಿಸ್ ಪ್ರೋಗ್ರಾಂ ಕಮಾಂಡ್‌ಗೆ ಎಕ್ಸ್‌ಪೋರ್ಟ್ ಆಲ್ ಕೊಟ್ಟಿರಬೇಕು, ಇಲ್ಲವೇ ಬೈಂಡರ್ ಸೋರ್ಸ್‌ನಲ್ಲಿ (ಎಕ್ಸ್‌ಪೋರ್ಟ್ ಆಗಬೇಕಾದ ಹೆಸರುಗಳನ್ನು ಬರೆಯುವ ಕಡತ) ಸಿಗ್ನೇಚರ್ ಬರೆದಿಲ್ಲ. ಆಗ ಎಕ್ಸ್‌ಪೋರ್ಟ್ ಆಗುವ ಹೆಸರುಗಳು ಮತ್ತು ಅವುಗಳ ಕ್ರಮದಿಂದ ಸಿಸ್ಟಂ ತಾನೇ ಸಿಗ್ನೇಚರ್ ತಯಾರಿಸುತ್ತದೆ. ಕರೆಯುವ ಪ್ರೋಗ್ರಾಂ ತಾನು ಬೈಂಡ್ ಆದ, ಅಂದರೆ ಸರ್ವಿಸ್ ಪ್ರೋಗ್ರಾಂಗೆ ಜೋಡಿಸಲಾದ, ದಿನದ ಸಿಗ್ನೇಚರನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಪಟ್ಟಿಗೆ ಒಂದು ಹೆಸರು ಸೇರಿದರೂ ಎರಡೂ ತಾಳೆಯಾಗವು.

ಬೈಂಡರ್ ಸೋರ್ಸ್‌ನ ಸ್ಟಾರ್ಟ್ ಪ್ರೋಗ್ರಾಂ ಎಕ್ಸ್‌ಪೋರ್ಟ್ ಸಾಲಿನಲ್ಲಿ 16 ಅಕ್ಷರದೊಳಗಿನ ಸ್ಥಿರ ಸಿಗ್ನೇಚರ್ ಕೊಡಿ, ಕೆಳಗೆ ಪ್ರೊಸೀಜರ್ ಹೆಸರುಗಳನ್ನು ಬರೆಯಿರಿ. ಇನ್ನು ಮುಂದೆ ಹೊಸ ಹೆಸರು ಸೇರಬೇಕಾದದ್ದು ಪಟ್ಟಿಯ ಕೊನೆಗೆ ಮಾತ್ರ. ಪ್ರೋಗ್ರಾಂ ಓಡುವಾಗ ಪ್ರೊಸೀಜರನ್ನು ಹುಡುಕುವುದು ಹೆಸರಿನಿಂದಲ್ಲ, ಪಟ್ಟಿಯಲ್ಲಿನ ಸ್ಥಾನದಿಂದ. ನಡುವೆ ಒಂದನ್ನು ತೂರಿಸಿದರೆ ಸಿಗ್ನೇಚರ್ ಪರೀಕ್ಷೆ ದಾಟುತ್ತದೆ, ಆದರೆ ರಿಯಾಯಿತಿ ಕೇಳಿದವನಿಗೆ ತೆರಿಗೆಯ ಪ್ರೊಸೀಜರ್ ಉತ್ತರಿಸುತ್ತದೆ. ಬಳಕೆ ಬಿಟ್ಟ ಪ್ರೊಸೀಜರನ್ನೂ ಪಟ್ಟಿಯಿಂದ ತೆಗೆಯಬೇಡಿ, ಒಳಗೆ ಎರರ್ ಎತ್ತುವ ಖಾಲಿ ದೇಹವನ್ನಾದರೂ ಇಡಿ.

ಈ ಒಂದು ಸಲ 60ನ್ನೂ ಮುಟ್ಟಲೇಬೇಕು, ಆದರೆ ಕಂಪೈಲ್ ಬೇಡ. ಅಪ್‌ಡೇಟ್ ಪ್ರೋಗ್ರಾಂ ಕಮಾಂಡ್‌ನಲ್ಲಿ ಮಾಡ್ಯೂಲ್‌ಗೆ “ನನ್” (ಯಾವುದೂ ಇಲ್ಲ) ಎಂದು ಕೊಟ್ಟರೆ ಮರುಬೈಂಡ್ ಅಷ್ಟೇ ಆಗಿ ಹೊಸ ಸಿಗ್ನೇಚರ್ ಒಳಬರುತ್ತದೆ. ಯಾರು ಯಾರು ಕರೆಯುತ್ತಾರೆಂಬ ಪಟ್ಟಿ ಕ್ಯೂಸಿಸ್2 ಸ್ಕೀಮಾದ ಬೌಂಡ್ ಸರ್ವಿಸ್ ಪ್ರೋಗ್ರಾಂ ಇನ್ಫೋ ವ್ಯೂನಲ್ಲಿ ಸಿಗುತ್ತದೆ. ನೆನಪಿನ ಮೇಲೆ ಪಟ್ಟಿ ಮಾಡಬೇಡಿ.

ಉತ್ತರ 2: ಮೇಲಿನದಕ್ಕೆ ಒಂದು ಎಚ್ಚರಿಕೆ ಸೇರಿಸಲೇಬೇಕು. ಸಿಗ್ನೇಚರ್ ಪ್ಯಾರಾಮೀಟರ್‌ಗಳನ್ನು ನೋಡುವುದೇ ಇಲ್ಲ. ಇರುವ ಪ್ರೊಸೀಜರ್‌ಗೆ ನಡುವೆ ಪ್ಯಾರಾಮೀಟರ್ ಸೇರಿಸಿದರೆ ಯಾವ ಎರರೂ ಇಲ್ಲದೆ ತಪ್ಪು ಮೊತ್ತ ಬರಬಹುದು. ಹೊಸ ಪ್ಯಾರಾಮೀಟರ್ ಕೊನೆಯಲ್ಲಿರಲಿ, ಆಪ್ಷನ್ಸ್‌ನಲ್ಲಿ ನೋಪಾಸ್ (ಕಳಿಸದಿದ್ದರೂ ನಡೆಯುತ್ತದೆ) ಇರಲಿ, ಒಳಗೆ ಪಾರ್ಮ್ಸ್ ಎಣಿಕೆ ನೋಡಿಯೇ ಅದನ್ನು ಮುಟ್ಟಿ. ಪ್ರೊಟೊಟೈಪ್ ಒಂದೇ ಕಾಪಿ ಫೈಲ್‌ನಲ್ಲಿರಬೇಕು, ಕರೆಯುವವನ ಜೊತೆಗೆ ಪ್ರೊಸೀಜರ್ ಇರುವ ಮಾಡ್ಯೂಲ್ ಕೂಡ ಅದನ್ನೇ ಸೇರಿಸಿಕೊಳ್ಳಬೇಕು. ಆಗ ಎರಡರ ವ್ಯತ್ಯಾಸವನ್ನು ಕಂಪೈಲರ್ ಹಿಡಿಯುತ್ತದೆ.

ಇನ್ನೊಂದು: ಸರ್ವಿಸ್ ಪ್ರೋಗ್ರಾಂ ಬದಲಿಸಿದ ಮೇಲೂ ಓಡುತ್ತಿರುವ ಜಾಬ್‌ಗಳು ಹಳೆಯದನ್ನೇ ಬಳಸುತ್ತವೆ. ರಿಪ್ಲೇಸ್ ಮಾಡಿದಾಗ ಹಳೆಯ ಆಬ್ಜೆಕ್ಟ್ ಕ್ಯೂಆರ್‌ಪಿಎಲ್‌ಒಬಿಜೆ ಲೈಬ್ರರಿಗೆ ಸರಿಯುತ್ತದೆ. “ಬದಲಾವಣೆ ಕೆಲಸ ಮಾಡುತ್ತಿಲ್ಲ” ಎಂಬ ದೂರು ಬಂದರೆ ಮೊದಲು ಆ ಬಳಕೆದಾರರಿಗೆ ಸೈನ್ ಆಫ್ ಆಗಿ ಬರಲು ಹೇಳಿ. ಬ್ಯಾಚ್ ಜಾಬ್ ಆದರೆ ನಿಲ್ಲಿಸಿ ಶುರುಮಾಡಿ.

ಕೇಳಿದವರು: ಅರ್ಥವಾಯಿತು. ಗಿಟ್‌ಗೆ ತರುವಾಗ ಏನೇನು ಕೆಡುತ್ತದೆ?

ಉತ್ತರ 1: ಕಾಪಿ ಟು ಸ್ಟ್ರೀಮ್ ಫೈಲ್ ಕಮಾಂಡ್‌ನಲ್ಲಿ ಸಿಸಿಎಸ್‌ಐಡಿ (ಅಕ್ಷರಸಂಕೇತದ ಸಂಖ್ಯೆ) 1208, ಅಂದರೆ ಯುಟಿಎಫ್-8, ಸಾಲಿನ ಕೊನೆ ಎಲ್‌ಎಫ್ ಕೊಡಿ. ಮೊದಲು ಸೋರ್ಸ್ ಫೈಲ್‌ನ ಸಿಸಿಎಸ್‌ಐಡಿ ನೋಡಿ: 37 ಇದ್ದರೆ ಸರಿ, 65535 ಇದ್ದರೆ ಪರಿವರ್ತನೆ ಕೆಡುತ್ತದೆ, ಆದ್ದರಿಂದ ಸರಿಯಾದ ಸಿಸಿಎಸ್‌ಐಡಿ ಇರುವ ಹೊಸ ಸೋರ್ಸ್ ಫೈಲ್‌ಗೆ ನಕಲಿಸಿಕೊಂಡು ಮುಂದುವರಿಯಿರಿ. ಹಳೆಯ ಕಾಮೆಂಟ್‌ಗಳಿಗೆ ಬಣ್ಣ ಬರಲೆಂದು ಸೇರಿಸಿದ ಹೆಕ್ಸ್ 20ರಿಂದ 3ಎಫ್‌ವರೆಗಿನ ಬೈಟ್‌ಗಳು ಅಲ್ಲಲ್ಲಿ ಅಡಗಿರುತ್ತವೆ. ಅದರಲ್ಲೂ 25 ಸಿಕ್ಕರೆ ಅದು ಸಾಲು ಮುರಿಯುವ ಚಿಹ್ನೆಯಾಗಿ ಒಂದು ಸಾಲು ಎರಡಾಗುತ್ತದೆ. ಇವನ್ನೆಲ್ಲ ಖಾಲಿ ಜಾಗಕ್ಕೆ ಬದಲಿಸಿ, ಆಮೇಲೆ ನಕಲಿಸಿ. ಸಾಲುಸಾಲಿನ ಬದಲಾವಣೆ ದಿನಾಂಕ ಸ್ಟ್ರೀಮ್ ಫೈಲ್‌ಗೆ ಬರುವುದಿಲ್ಲ, ಬೇಕಿದ್ದರೆ ಹಳೆಯ ಸೋರ್ಸ್ ಫೈಲನ್ನು ಸೇವ್ ಮಾಡಿಡಿ.

ಯುಟಿಎಫ್-8 ಸಿಕ್ಕಿತೆಂದು ಕನ್ನಡ ಪದಗಳನ್ನು ನೇರ ಲಿಟರಲ್ ಆಗಿ ಬರೆಯಬೇಡಿ. ಕಂಪೈಲರ್ ಸೋರ್ಸನ್ನು ಐಬಿಎಂನ ಹಳೆಯ ಅಕ್ಷರಸಂಕೇತವಾದ ಎಬ್ಸಿಡಿಕ್‌ಗೆ ತಿರುಗಿಸಿಕೊಳ್ಳುತ್ತದೆ, 37ರಲ್ಲಿ ಕನ್ನಡ ಅಕ್ಷರಗಳಿಗೆ ಜಾಗವಿಲ್ಲ. ಹೆಕ್ಸ್‌ನಲ್ಲಿ ಬರೆಯುವ ಯುಸಿಎಸ್-2 ಲಿಟರಲ್ ಬಳಸಿ, ಇಲ್ಲವೇ ಪಠ್ಯವನ್ನು ಟೇಬಲ್‌ನಲ್ಲಿ ಇಡಿ.

ಕೇಳಿದವರು: ಮೇಕ್ ಬರೆದು ನೋಡಿದೆ. ಒಂದು ನಿಯಮದಲ್ಲಿ ಲೈಬ್ರರಿ ಲಿಸ್ಟ್‌ಗೆ (ಆಬ್ಜೆಕ್ಟ್‌ಗಳನ್ನು ಹುಡುಕುವ ಲೈಬ್ರರಿಗಳ ಪಟ್ಟಿ) ಲೈಬ್ರರಿ ಸೇರಿಸಿದರೆ ಮುಂದಿನ ಸಾಲಿನ ಕಂಪೈಲ್‌ಗೆ ಅದು ಕಾಣುವುದಿಲ್ಲ.

ಉತ್ತರ 2: ಮೇಕ್ ಪ್ರತಿ ಸಾಲನ್ನೂ ಬೇರೆ ಶೆಲ್‌ನಲ್ಲಿ ಓಡಿಸುತ್ತದೆ, ಲೈಬ್ರರಿ ಲಿಸ್ಟ್ ಆ ಪ್ರೊಸೆಸ್‌ನೊಂದಿಗೇ ಹೋಗುತ್ತದೆ. ಮೇಕ್‌ಫೈಲ್‌ನ ಶೆಲ್ ಕ್ಯೂಎಸ್‌ಎಚ್ ಎಂದು ನಿಗದಿಪಡಿಸಿ, ಲಿಬ್‌ಲಿಸ್ಟ್ ಮತ್ತು ಸಿಸ್ಟಂ ಎರಡನ್ನೂ ಅರ್ಧವಿರಾಮ ಹಾಕಿ ಒಂದೇ ಸಾಲಿನಲ್ಲಿ ಬರೆಯಿರಿ. ಆಬ್ಜೆಕ್ಟ್‌ಗಳ ಸಮಯವನ್ನು ನಂಬುವ ಬದಲು ಐಎಫ್‌ಎಸ್‌ನಲ್ಲಿ (ಐಬಿಎಂ ಐನ ಫೋಲ್ಡರ್–ಫೈಲ್ ವ್ಯವಸ್ಥೆ) ಪ್ರತಿ ಗುರಿಗೂ ಒಂದು ಖಾಲಿ ಗುರುತು ಫೈಲ್ ಇಡಿ. ಕಂಪೈಲ್ ಗೆದ್ದಾಗ ಮಾತ್ರ ಅದನ್ನು ಟಚ್ ಮಾಡಿ.

ಅವಲಂಬನೆ ಬರೆಯುವಾಗ ಬಹಳ ಜನ ಎಡವುತ್ತಾರೆ. ಪ್ರೋಗ್ರಾಂ ಸರ್ವಿಸ್ ಪ್ರೋಗ್ರಾಂ ಮೇಲೆ ಅವಲಂಬಿತ ಎಂದು ನೇರವಾಗಿ ಬರೆದರೆ ಒಂದು ಸಾಲು ತಿದ್ದಿದರೂ 60 ಪ್ರೋಗ್ರಾಂ ಕಂಪೈಲ್ ಆಗುತ್ತವೆ, ಸ್ಥಿರ ಸಿಗ್ನೇಚರ್ ಮಾಡಿದ್ದರ ಲಾಭವೇ ಹೋಯಿತು. ಸರ್ವಿಸ್ ಪ್ರೋಗ್ರಾಂ ಅನ್ನು ಲಂಬ ಗೆರೆಯ ಬಲಕ್ಕೆ ಬರೆಯಿರಿ. ಗ್ನು ಮೇಕ್ ಆಗ ಕ್ರಮವನ್ನು ಮಾತ್ರ ಪಾಲಿಸುತ್ತದೆ, ಸಮಯ ನೋಡುವುದಿಲ್ಲ. ಕಾಪಿ ಫೈಲ್ ಮತ್ತು ಡೇಟಾ ಫೈಲ್‌ಗಳು ಎಡಕ್ಕೇ ಇರಲಿ. ಫೈಲ್‌ನ ರೆಕಾರ್ಡ್ ಫಾರ್ಮ್ಯಾಟ್ ಬದಲಾದಾಗ ಅದನ್ನು ನೇರವಾಗಿ ಓದುವ ಪ್ರೋಗ್ರಾಂ ಮತ್ತೆ ಕಂಪೈಲ್ ಆಗದಿದ್ದರೆ ಓಪನ್ ಮಾಡುವಾಗ ಲೆವೆಲ್ ಚೆಕ್, ಅಂದರೆ ಸಿಪಿಎಫ್4131 ಬರುತ್ತದೆ.

ಉತ್ತರ 1: ಆ ಡೇಟಾ ಫೈಲ್‌ಗಳ ನಿಯಮವನ್ನು ಎರಡು ಸಲ ಓದಿ ನೋಡಿ. ಫೈಲ್ ಆಗಲೇ ಇದೆ ಎಂದು ಕ್ರಿಯೇಟ್ ಫಿಸಿಕಲ್ ಫೈಲ್ ವಿಫಲವಾಗುತ್ತದೆ. ಅದನ್ನು ದಾಟಲು ಮೊದಲು ಡಿಲೀಟ್ ಫೈಲ್ ಸೇರಿಸಿದ ಮೇಕ್‌ಫೈಲ್ ಪ್ರೊಡಕ್ಷನ್ ಲೈಬ್ರರಿಯ ಮೇಲೆ ಓಡಿದರೆ ಡೇಟಾ ಪೂರ್ತಿ ಅಳಿಯುತ್ತದೆ. ಪ್ರೊಡಕ್ಷನ್‌ನಲ್ಲಿ ಚೇಂಜ್ ಫಿಸಿಕಲ್ ಫೈಲ್‌ಗೆ ಸೋರ್ಸ್ ಕೊಡಿ, ಇಲ್ಲವೇ ಎಸ್‌ಕ್ಯೂಎಲ್‌ನ ಆಲ್ಟರ್ ಟೇಬಲ್. ಬಿಲ್ಡ್ ಓಡಿಸುವ ಪ್ರೊಫೈಲ್‌ಗೆ ಪ್ರೊಡಕ್ಷನ್ ಡೇಟಾ ಲೈಬ್ರರಿಯ ಫೈಲ್‌ಗಳನ್ನು ಅಳಿಸುವ ಅಧಿಕಾರವನ್ನೇ ಕೊಡಬೇಡಿ. ಆಗ ಮೇಕ್‌ಫೈಲ್‌ನಲ್ಲಿ ತಪ್ಪಿದ್ದರೂ ಬಿಲ್ಡ್ ಅಲ್ಲಿಗೇ ನಿಲ್ಲುತ್ತದೆ.