‘ದೂರು’ ಕೊಡದೆ ಪೊಲೀಸರನ್ನು ಕರೆಯುವುದಕ್ಕೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಮಂಡ್ಯದ ಹತ್ತಿರದ ನಮ್ಮೂರಿನಲ್ಲಿ ಪಂಚಾಯ್ತಿ ಗೋಡೆ ಮೇಲೆ ತುರ್ತು ಕರೆಯ ನಂಬರ್ 112ರ ಬಗ್ಗೆ ಬರೆಸುತ್ತಿದ್ದೇವೆ. ಪೇಂಟರ್‌ಗೆ ಕೊಟ್ಟ ಚೀಟಿಯಲ್ಲಿ ‘ಪೊಲೀಸರಿಗೆ ದೂರು ನೀಡಲು 112’ ಎಂದಿತ್ತು. ಅದನ್ನು ಕೇಳಿದ ಅಜ್ಜಿಯೊಬ್ಬರು, ‘ನಾನ್ಯಾರ್ ಮೇಲಪ್ಪ ದೂರು ಕೊಡ್ಲಿ?’ ಅಂದರು. ಅವರ ಮಾತು ಸರಿ.

ನಮ್ಮ ಕಡೆ ದೂರುವುದು ಅಂದರೆ ಒಬ್ಬರ ಮೇಲೆ ತಪ್ಪು ಹೊರಿಸುವುದು. ‘ಯಾವಾಗ್ಲೂ ಸೊಸೇನ ದೂರ್ತಾಳೆ’ ಅನ್ನುತ್ತಾರಲ್ಲ, ಹಾಗೆ. ದೂರು ಕೊಟ್ಟರೆ ಸಹಿ ಹಾಕಬೇಕು, ಆಮೇಲೆ ಸ್ಟೇಷನ್ನು, ಕೋರ್ಟು ಎಂದು ಅಲೆಯಬೇಕು ಅನ್ನುವ ಭಯ. ನಮ್ಮ ಕಡೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಾರು ಬಿದ್ದದ್ದನ್ನು ಕಂಡವರು ಯಾರನ್ನು ದೂರಬೇಕು? 112ಕ್ಕೆ ಫೋನ್ ಮಾಡಿದ ಮಾತ್ರಕ್ಕೆ ಎಫ್‌ಐಆರ್ ಆಗುವುದಿಲ್ಲ. ಹತ್ತಿರದ ಪೊಲೀಸ್ ಗಾಡಿಗೆ ಸುದ್ದಿ ಹೋಗುತ್ತದೆ, ಅವರು ಹೊರಟು ಬರುತ್ತಾರೆ. ಅಪಘಾತದಲ್ಲಿ ನೆರವಾದವರ ರಕ್ಷಣೆಗೆ 2019ರಲ್ಲೇ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಗಿದೆ. ಹೆಸರು, ವಿಳಾಸ ಹೇಳಲೇಬೇಕು ಎಂದು ಅವರನ್ನು ಬಲವಂತ ಮಾಡುವಂತಿಲ್ಲ. ಇಷ್ಟೆಲ್ಲ ಇದ್ದೂ ಬೋರ್ಡಿನ ಒಂದು ಪದ ಜನರನ್ನು ಹಿಂಜರಿಯುವಂತೆ ಮಾಡಿದರೆ ಅನ್ಯಾಯ ಅಲ್ವಾ?

‘ಪೊಲೀಸರನ್ನು ಕರೆಸಿ’ ಅಂದರೂ ಕಷ್ಟ. ‘ಪೊಲೀಸ್ ಕರೆಸ್ತೀನಿ ನೋಡು’ ಅನ್ನುವುದು ಬದುವಿನ ಜಗಳದ ಬೆದರಿಕೆ. ‘ಮಾಹಿತಿ ನೀಡಿ’ ಅಂದರೆ ನಾಳೆ ಕೊಟ್ಟರೂ ಆಯಿತು ಅನ್ನಿಸುತ್ತದೆ. ಹಳಗನ್ನಡದಲ್ಲಿ ‘ಪುಯ್ಯಲ್’ ಇತ್ತು, ಆಪತ್ತಿನಲ್ಲಿ ಇರುವವರ ಕೂಗು. ಅದೇ ಮುಂದೆ ಹುಯ್ಯಲು, ಹುಯಿಲು ಆಯಿತು. ನಮಗೆ ಬೇಕಾದ ಅರ್ಥ ಅದರಲ್ಲೇ ಇದೆ. ಆದರೆ ಈಗ ಹುಯಿಲೆಬ್ಬಿಸುವುದು ಅಂದರೆ ಸುಮ್ನೆ ಗಲಾಟೆ ಮಾಡುವುದು ಎಂದೇ ಜಾಸ್ತಿ ಜನ ತಿಳಿಯುತ್ತಾರೆ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ:

‘ಜೀವಕ್ಕೆ ಅಪಾಯವೇ? ಹೊಡೆದಾಟ, ಅಪಘಾತ ಕಣ್ಣೆದುರೇ ಆಗುತ್ತಿದೆಯೇ? ಮನೆಗೆ ಕಳ್ಳರು ನುಗ್ಗಿದ್ದಾರೆಯೇ? 112ಕ್ಕೆ ಫೋನ್ ಮಾಡಿ, ನೆರವು ಕೇಳಿ. ಮೊದಲು ಜಾಗ ಹೇಳಿ, ಆಮೇಲೆ ಏನಾಯಿತು ಹೇಳಿ. ಅವರು ಸಾಕು ಅನ್ನುವವರೆಗೆ ಫೋನ್ ಇಡಬೇಡಿ.’

ಜಾಗಕ್ಕೆ ಇನ್ನೊಂದು ಸಾಲು ಬೇಕು. ‘ನಾಲೆ ಏರಿ ಮೇಲೆ’ ಅಂದರೆ ನಮಗೆ ಗೊತ್ತು, ಫೋನ್ ಎತ್ತಿದವರಿಗೆ ಎಲ್ಲಿ ಗೊತ್ತಾಗಬೇಕು? ತಾಲ್ಲೂಕು, ಊರು, ಹತ್ತಿರದ ಸೇತುವೆಯೋ ಗುಡಿಯೋ ಹೇಳಬೇಕು. ಮೈಸೂರು–ಬೆಂಗಳೂರು ಹೆದ್ದಾರಿಯಾದರೆ ಕಿಲೋಮೀಟರ್ ಕಲ್ಲಿನ ನಂಬರ್ ಮತ್ತು ಯಾವ ಊರಿನ ಕಡೆಗೆ ಹೋಗುವ ರಸ್ತೆ ಎಂದು ಹೇಳಬೇಕು. ಹೋದ ವಾರ ಕಳುವಾದ ಬೈಕಿನ ವಿಷಯ ಬೇರೆ. ಅದಕ್ಕೆ ‘ದೂರು’ ಸರಿಯಾದ ಪದ, ಠಾಣೆ ಸರಿಯಾದ ಜಾಗ.

ನನ್ನ ಪ್ರಶ್ನೆ ಎರಡು. ‘ನೆರವು’ ವಯಸ್ಸಾದವರಿಗೆ ಪುಸ್ತಕದ ಮಾತು ಅನ್ನಿಸುತ್ತದೆಯೇ, ‘ಸಹಾಯ’ವೇ ವಾಸಿಯೇ? ಹುಣಸೂರು, ಎಚ್.ಡಿ. ಕೋಟೆ ಕಡೆಯವರು ಇದ್ದರೆ ಇನ್ನೊಂದು ತಿಳಿಸಿ: ಆನೆ ಹೊಲಕ್ಕೆ ನುಗ್ಗಿದಾಗ ಅಕ್ಕಪಕ್ಕದವರನ್ನು ಕೂಗಿ ಕರೆಯುತ್ತೀರಲ್ಲ, ಆ ಕೂಗಿಗೆ ನಿಮ್ಮಲ್ಲಿ ಏನಂತಾರೆ?